ಕಾದಂಬರಿ ಬರೆದಾಯಿತು, ಮುಂದೇನು?

ಸಿಂಧನೂರು-ಲಿಂಗಸುಗೂರು ಸೀಮೆಯ ಮೊದಲ ಲೇಖಕ-ಪ್ರಕಾಶಕ ಯಾರು ಎಂದು ಯಾರಾದರೂ ಕೇಳಿದರೆ, ತಮಾಷೆಗೆ ಅಶೋಕ ಚಕ್ರವರ್ತಿಯ ಹೆಸರು ಹೇಳಬಹುದು. ಗೊರೇಬಾಳಕ್ಕೆ ಅಷ್ಟೇನೂ ದೂರವಲ್ಲದ ಮಸ್ಕಿಯ ಬಂಡೆಯ ಮೇಲೆ ಆತ ತನ್ನ ಮಾತನ್ನು ತನ್ನದೇ ಖರ್ಚಿನಲ್ಲಿ ಕೆತ್ತಿಸಿದ. ಒಂದು ಪ್ರತಿ ಸಾಲದೆಂದು ಹೆಚ್ಚುಕಡಿಮೆ ಅದೇ ಒಕ್ಕಣೆಯನ್ನು ಕೊಪ್ಪಳದ ಗವಿಮಠ, ಪಾಲ್ಕಿಗುಂಡು, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಗಳಲ್ಲೂ ಹಾಕಿಸಿದ. ಮಸ್ಕಿಯ ಪ್ರತಿಯಲ್ಲಂತೂ ಹೆಸರೂ ಉಳಿಯಿತು. 1915ರಲ್ಲಿ ಆ ಶಾಸನ ಬೆಳಕಿಗೆ ಬಂದಾಗಲೇ, ಬೇರೆಡೆಯ ಶಾಸನಗಳ 'ದೇವಾನಾಂಪ್ರಿಯ' ಅಶೋಕನೇ ಎಂಬುದು ಖಚಿತವಾದದ್ದು.

ಇಂದು ಇದೇ ಸೀಮೆಯಲ್ಲಿ ಕುಳಿತು ಕಾದಂಬರಿ ಬರೆಯುವವರಿಗೆ ಚಕ್ರವರ್ತಿಯ ಬೊಕ್ಕಸವಿಲ್ಲ. ಇರುವುದು ಇನ್ನೂರು ಪುಟದ ಒಂದೆರಡು ನೋಟ್‌ಬುಕ್, ಇಲ್ಲವೇ ಮೊಬೈಲಿನಲ್ಲಿ ಬೆರಳಚ್ಚು ಮಾಡಿಟ್ಟ ಅಧ್ಯಾಯಗಳು. ಗೊರೇಬಾಳದಂಥ ಊರಿನಲ್ಲಿ ಶಾಲೆಯ ಮೇಷ್ಟ್ರು, ಅಂಗನವಾಡಿಯ ಕಾರ್ಯಕರ್ತೆ, ಗೊಬ್ಬರದ ಅಂಗಡಿಯ ಹುಡುಗ, ಪದವಿ ಮುಗಿಸಿ ಗದ್ದೆ ನೋಡಿಕೊಂಡಿರುವ ತರುಣ, ಹೀಗೆ ಯಾರಾದರೂ ಬರೆಯುತ್ತಿರಬಹುದು. ಬರೆದು ಮುಗಿಸಿದ ಮೇಲೆ ಅವರ ಮುಂದೆ ನಿಲ್ಲುವ ಪ್ರಶ್ನೆ ಒಂದೇ: ಇದನ್ನು ಪುಸ್ತಕ ಮಾಡುವುದು ಹೇಗೆ? ಬೆಂಗಳೂರು ದೂರ, ಧಾರವಾಡ ದೂರ, ಪ್ರಕಾಶಕರ ಪರಿಚಯವಿಲ್ಲ. 'ಇಷ್ಟು ಸಾವಿರ ಕೊಡಿ, ಪುಸ್ತಕ ಮಾಡಿಕೊಡುತ್ತೇವೆ' ಎನ್ನುವ ಜಾಹೀರಾತು ಮಾತ್ರ ಮೊಬೈಲಿನಲ್ಲಿ ದಿನವೂ ಕಣ್ಣಿಗೆ ಬೀಳುತ್ತದೆ. ಒಂದು ಬೆಳೆಯ ಲಾಭವನ್ನೆಲ್ಲ ಅಲ್ಲಿ ಸುರಿದು, ಕೊನೆಗೆ ಮನೆಯ ಅಟ್ಟದ ಮೇಲೆ ಪುಸ್ತಕದ ಗಂಟುಗಳನ್ನು ಇಟ್ಟುಕೊಂಡು ಕೂರುವ ಸ್ಥಿತಿ ಬರಬಾರದೆಂದರೆ, ಬರೆಯುವುದಕ್ಕೂ ಅಚ್ಚು ಹಾಕಿಸುವುದಕ್ಕೂ ಕೆಲವು ಲೆಕ್ಕಗಳು ಗೊತ್ತಿರಬೇಕು.

ಕಾಲುವೆ ತಂದ ಕತೆಗಳು

ಹೊಸಬರು ಮಾಡುವ ಮೊದಲ ತಪ್ಪು ಕತೆಗಾಗಿ ದೂರ ಹೋಗುವುದು. ಬೆಂಗಳೂರಿನ ಐ.ಟಿ. ಕಚೇರಿ, ಮಲೆನಾಡಿನ ಮಳೆ, ಓದಿದ ಯಾವುದೋ ಕಾದಂಬರಿಯ ತೊಟ್ಟಿಮನೆ, ಇವೇ ಬರವಣಿಗೆಯಲ್ಲಿ ತುಂಬಿಕೊಳ್ಳುತ್ತವೆ. ಮಲೆನಾಡನ್ನು ಕುವೆಂಪು 'ಕಾನೂರು ಹೆಗ್ಗಡಿತಿ' (1936), 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಗಳಲ್ಲಿ ಒಳಗಿನವರಾಗಿ ಬರೆದರು. ಕರಾವಳಿಯನ್ನು ಶಿವರಾಮ ಕಾರಂತರು ಬರೆದರು. ರಾವ್ ಬಹದ್ದೂರರು 1957ರ 'ಗ್ರಾಮಾಯಣ'ದಲ್ಲಿ ಉತ್ತರ ಕರ್ನಾಟಕದ ಒಂದು ಹಳ್ಳಿಯನ್ನೇ ನಾಯಕನನ್ನಾಗಿ ಮಾಡಿದರು. ರಾಯಚೂರು ಸೀಮೆಗೂ ಇಂಥ ಪರಂಪರೆ ಉಂಟು. ಹೆಂಬೇರಾಳಿನ ಶಾಂತರಸರು 'ಸಣ್ಣ ಗೌಡಸಾನಿ' ಬರೆದರು. 2006ರಲ್ಲಿ ಬೀದರಿನಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಜಂಬಣ್ಣ ಅಮರಚಿಂತರು 'ಕುರುಮಯ್ಯ ಮತ್ತು ಅಂಕುಶದೊಡ್ಡಿ' ಕೊಟ್ಟರು.

ಆದರೂ ಇಲ್ಲಿ ಬರೆಯದೆ ಉಳಿದದ್ದೇ ಹೆಚ್ಚು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಸಿದ್ಧವಾಯಿತು. ಎಡದಂಡೆ ಕಾಲುವೆಯಲ್ಲಿ ನೀರು ಹರಿಯಿತು. ಜೋಳ, ಸಜ್ಜೆ, ಹತ್ತಿ ಬೆಳೆಯುತ್ತಿದ್ದ ಎರೆಭೂಮಿ ಭತ್ತದ ಗದ್ದೆಯಾಯಿತು. ಆಂಧ್ರದ ಕಡೆಯಿಂದ ರೈತರು ಬಂದು ಜಮೀನು ಕೊಂಡರು. ಊರಿನ ಪಕ್ಕದಲ್ಲಿ ಕ್ಯಾಂಪುಗಳು ಎದ್ದವು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಸಿಂಧನೂರಿನ ಬಳಿ ಪುನರ್ವಸತಿ ಕ್ಯಾಂಪುಗಳಾದವು. ಒಂದೇ ಸಂತೆಯಲ್ಲಿ ಕನ್ನಡ, ತೆಲುಗು, ಉರ್ದು, ಬಂಗಾಳಿ ಮಾತುಗಳು ಸೇರಿದವು. ನೀರು ಬಂದ ಊರಿನವರು ಅಕ್ಕಿ ಗಿರಣಿ ಕಟ್ಟಿದರು, ನೀರು ಬಾರದ ಊರಿನವರು ಗುಳೆ ಹೋದರು. ಕಾಲುವೆಯ ಮೇಲ್ಭಾಗದವರಿಗೂ ಕೊನೆಭಾಗದವರಿಗೂ ನೀರಿನ ಜಗಳ ಇಂದಿಗೂ ಮುಗಿದಿಲ್ಲ. 2024ರ ಆಗಸ್ಟಿನಲ್ಲಿ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟು ಕೊಚ್ಚಿಕೊಂಡು ಹೋದ ರಾತ್ರಿ, ಈ ಸೀಮೆಯ ಎಷ್ಟು ಮನೆಗಳಲ್ಲಿ ನಿದ್ದೆ ಕೆಟ್ಟಿರಬೇಡ! ಜಮೀನು ಮಾರಿದವನ ಮಗ ಅದೇ ಜಮೀನಿನಲ್ಲಿ ಕೂಲಿಗೆ ನಿಂತರೆ, ಅಲ್ಲೊಂದು ಕಾದಂಬರಿಯ ಮೊದಲ ಅಧ್ಯಾಯವಿದೆ.

ಆದರೆ ವಿಷಯ ದೊಡ್ಡದಿದ್ದ ಮಾತ್ರಕ್ಕೆ ಕಾದಂಬರಿ ಆಗುವುದಿಲ್ಲ. ಕಾಲುವೆಯ ಇತಿಹಾಸ ಬರೆದರೆ ಅದು ವರದಿಯಾದೀತು. ಕಾರಂತರ 'ಚೋಮನ ದುಡಿ'ಯಲ್ಲಿ (1933) ಭೂಮಿಯ ಹಂಚಿಕೆಯ ಇಡೀ ಪ್ರಶ್ನೆ ಇದೆ. ಆದರೆ ಓದುಗನಿಗೆ ಕಾಣುವುದು ಒಂದು ತುಂಡು ನೆಲಕ್ಕಾಗಿ ಹಂಬಲಿಸುವ ಚೋಮ. ಬರೆಯಲು ಕೂರುವ ಮುನ್ನ ಒಂದೇ ವಾಕ್ಯದಲ್ಲಿ ಉತ್ತರಿಸಿಕೊಳ್ಳಬೇಕಾದ ಪ್ರಶ್ನೆ ಇದು: ಯಾರಿಗೆ ಏನು ಬೇಕಾಗಿದೆ, ಅದಕ್ಕೆ ಅಡ್ಡ ಬಂದಿರುವುದು ಏನು? ಈ ವಾಕ್ಯ ಸಿಗದಿದ್ದರೆ ನಲವತ್ತನೇ ಪುಟಕ್ಕೆ ಕತೆ ನಿಂತುಹೋಗುತ್ತದೆ. ಅರ್ಧಕ್ಕೆ ನಿಂತ ಹಸ್ತಪ್ರತಿಗಳಲ್ಲಿ ಬಹುಪಾಲಿನ ರೋಗ ಇದೇ.

ದಿನಕ್ಕೊಂದು ಪುಟ

ಡೆಮಿ ಅಷ್ಟಪತ್ರ ಆಕಾರದ ಕನ್ನಡ ಪುಸ್ತಕದ ಒಂದು ಪುಟದಲ್ಲಿ ಸುಮಾರು 200ರಿಂದ 230 ಪದ ಹಿಡಿಯುತ್ತವೆ. 200 ಪುಟದ ಕಾದಂಬರಿಯೆಂದರೆ ನಲವತ್ತು ಸಾವಿರ ಪದಗಳ ಆಜುಬಾಜು. ದಿನಕ್ಕೆ ಒಂದು ಪುಟ ಬರೆದರೂ ಏಳು ತಿಂಗಳಿಗೆ ಮೊದಲ ಕರಡು ಮುಗಿಯುತ್ತದೆ. ನಾಟಿ, ಕೊಯ್ಲಿನ ದಿನಗಳನ್ನು ಬಿಟ್ಟು ಲೆಕ್ಕ ಹಾಕಿದರೂ ವರ್ಷದೊಳಗಿನ ಕೆಲಸ. 'ಸಮಯವಿಲ್ಲ' ಎನ್ನುವವರಿಗೆ ಸಾಮಾನ್ಯವಾಗಿ ಇಲ್ಲದಿರುವುದು ಸಮಯವಲ್ಲ, ನಿಗದಿಯಾದ ಹೊತ್ತು. ಬೆಳಗಿನ ಐದು ಗಂಟೆಯೋ ರಾತ್ರಿಯ ಊಟದ ನಂತರವೋ, ಒಂದು ಹೊತ್ತು ಗೊತ್ತುಮಾಡಿಕೊಂಡರೆ ಸಾಕು.

ಮೊದಲ ಕಾದಂಬರಿಯೇ ಆರುನೂರು ಪುಟ ಆಗಬೇಕಿಲ್ಲ. ವಿವೇಕ ಶಾನಭಾಗರ 'ಘಾಚರ್ ಘೋಚರ್' ಚಿಕ್ಕ ಕಾದಂಬರಿ. ಅನುವಾದವಾಗಿ ಅದು ದೇಶವಿದೇಶಗಳ ಓದುಗರನ್ನು ಮುಟ್ಟಿತು. ಬಾನು ಮುಷ್ತಾಕರ ಸಣ್ಣ ಕತೆಗಳೇ ದೀಪಾ ಭಾಸ್ತಿಯವರ ಅನುವಾದದಲ್ಲಿ 2025ರ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ತಂದವು. ಪುಟ ಕಡಿಮೆಯಾದರೆ ಅಚ್ಚಿನ ಖರ್ಚೂ ಕಡಿಮೆ ಎಂಬುದನ್ನು ಸ್ವಂತ ದುಡ್ಡು ಹಾಕುವವರು ಮರೆಯಬಾರದು.

ಬರೆಯುವ ನೋಟ್‌ಬುಕ್ಕಿನ ಜೊತೆಗೆ ಇನ್ನೊಂದು ಚಿಕ್ಕ ಪುಸ್ತಕ ಇರಲಿ. ಅದರಲ್ಲಿ ಪಾತ್ರಗಳ ಹೆಸರು, ವಯಸ್ಸು, ನಂಟು ಬರೆದುಕೊಳ್ಳಬೇಕು. ಯಾವ ವರ್ಷ ಏನು ನಡೆಯಿತು ಎಂಬ ಪಟ್ಟಿ ಬೇಕು. ಊರಿನ ಒಂದು ನಕ್ಷೆ ಬೇಕು: ಗುಡಿ ಎಲ್ಲಿ, ತೂಬು ಎಲ್ಲಿ, ಬಸ್ಸು ನಿಲ್ಲುವುದು ಎಲ್ಲಿ. ಮೂರನೇ ಅಧ್ಯಾಯದಲ್ಲಿ ಬಸುರಿಯಾದವಳು ಹನ್ನೊಂದನೇ ಅಧ್ಯಾಯದಲ್ಲಿ, ಒಂದೂವರೆ ವರ್ಷದ ನಂತರವೂ, ಬಸುರಿಯಾಗಿಯೇ ಇದ್ದರೆ ಓದುಗರು ನಕ್ಕುಬಿಡುತ್ತಾರೆ. ಕಾಲುವೆಗೆ ನೀರು ಬಿಡುವ ತಿಂಗಳು ಯಾವುದು, ಭತ್ತ ಹೊಡೆ ಬಿಚ್ಚುವುದು ಯಾವಾಗ ಎಂಬಲ್ಲಿ ತಪ್ಪಿದರೆ ಊರಿನವರೇ ಹಿಡಿದುಬಿಡುತ್ತಾರೆ.

ಕತೆ ಹೇಳುವವರು ಯಾರು ಎಂಬುದನ್ನೂ ಮೊದಲೇ ತೀರ್ಮಾನಿಸಬೇಕು. ಮಗನ ಬಾಯಲ್ಲಿ ಹೇಳಿಸಿದರೆ ಅವನು ಕಾಣದ ಜಾಗದಲ್ಲಿ ನಡೆದದ್ದನ್ನು ಹೇಳಲಾಗದು. ಎಲ್ಲವನ್ನೂ ಬಲ್ಲ ನಿರೂಪಕನಾದರೆ, ಲೇಖಕರೇ ನಡುವೆ ಬಂದು ಉಪದೇಶ ಮಾಡುವ ಆಸೆ ಹುಟ್ಟುತ್ತದೆ. ಆ ಆಸೆಯನ್ನು ತಡೆದುಕೊಂಡಷ್ಟೂ ಒಳ್ಳೆಯದು. ಸಾಲ ಕೆಟ್ಟದ್ದೆಂದು ಹೇಳಬೇಕಿಲ್ಲ. ದಲಾಲಿ ಅಂಗಡಿಯಲ್ಲಿ ಪಟ್ಟಿ ಕೈಗೆ ಬಂದಾಗ ರೈತ ಅದನ್ನು ಮಡಚಿ ಜೇಬಿಗೆ ಹಾಕಿದ ರೀತಿಯನ್ನು ಬರೆದರೆ ಸಾಕು.

ಊರಿನ ಮಾತು, ಪುಸ್ತಕದ ಮಾತು

ಈ ಕಡೆಯ ಬರಹಗಾರರನ್ನು ಹೆಚ್ಚು ಕಾಡುವ ಅಳುಕು ಭಾಷೆಯದು. 'ನಮ್ಮ ಮಾತು ಬರೆದರೆ ಮೈಸೂರಿನವರಿಗೆ ತಿಳಿದೀತೇ?' ಎಂಬ ಅನುಮಾನದಿಂದ, ಗೊರೇಬಾಳದ ಅಜ್ಜಿಯ ಬಾಯಲ್ಲಿ 'ಮಗನೇ, ಎಲ್ಲಿಗೆ ಹೋಗುತ್ತಿರುವೆ?' ಎಂದು ಬರೆಯುತ್ತಾರೆ. ಆ ಅಜ್ಜಿ ಜನ್ಮದಲ್ಲಿ ಹಾಗೆ ಕೇಳಿದವಳಲ್ಲ. 'ಎಲ್ಲಿಗಿ ಹೊಂಟೀಯೋ ಯಪ್ಪಾ?' ಎಂದೊಡನೆ ಆಕೆಯ ಮುಖ ಕಾಣುತ್ತದೆ. ಇದನ್ನು ತಿಳಿಯದ ಕನ್ನಡಿಗ ಯಾವ ಮೂಲೆಯಲ್ಲೂ ಇರಲಾರ.

ಹಾಗೆಂದು ಪ್ರತಿ ಸಾಲನ್ನೂ ಕಿವಿಗೆ ಬಿದ್ದಂತೆ ಬರೆದರೆ ಓದುವುದು ಕಷ್ಟವಾಗುತ್ತದೆ. ನಿರೂಪಣೆಯನ್ನು ಸರಳ ಬರಹದ ಕನ್ನಡದಲ್ಲಿಟ್ಟು ಸಂಭಾಷಣೆಯನ್ನು ಆಡುಮಾತಿನಲ್ಲಿಡುವುದು ಹಲವರು ಹಿಡಿದಿರುವ ದಾರಿ. ಇಡೀ ಕತೆಯನ್ನು ಆಡುಮಾತಿನಲ್ಲೇ ಹೇಳಬೇಕೆಂದರೆ ಅದಕ್ಕೂ ಅಡ್ಡಿಯಿಲ್ಲ. ಆದರೆ ಮೊದಲ ಪುಟದಿಂದ ಕೊನೆಯವರೆಗೆ ಒಂದೇ ಕಾಗುಣಿತ ಇರಬೇಕು. ಒಂದು ಪುಟದಲ್ಲಿ 'ಬ್ಯಾಸಿಗಿ', ಇನ್ನೊಂದರಲ್ಲಿ 'ಬ್ಯಾಸಗಿ' ಎಂದಾದರೆ ಅದು ಅಜಾಗರೂಕತೆ ಎನ್ನಿಸಿಕೊಳ್ಳುತ್ತದೆ. ಎಲ್ಲ ಪಾತ್ರಗಳೂ ಒಂದೇ ತರಹ ಮಾತಾಡುವುದೂ ಸರಿಯಲ್ಲ. ಕ್ಯಾಂಪಿನ ತೆಲುಗು ರೈತನ ಕನ್ನಡ ಬೇರೆ, ಉರ್ದು ಮನೆಮಾತಿನವರ ಕನ್ನಡ ಬೇರೆ, ಕಾಲೇಜಿಗೆ ಹೋಗುವ ಹುಡುಗಿಯ ಕನ್ನಡ ಬೇರೆ. ನೀರಗಂಟಿ, ತೂಬು, ಗುಳೆಯಂಥ ಮಾತುಗಳಿಗೆ ಅಡಿಟಿಪ್ಪಣಿ ಹಾಕುವುದಕ್ಕಿಂತ, ಆ ಕೆಲಸ ನಡೆಯುವುದನ್ನು ತೋರಿಸಿದರೆ ಅರ್ಥ ತಾನಾಗಿ ತಿಳಿಯುತ್ತದೆ.

ತಿದ್ದಿದಷ್ಟೂ ತೂಕ

ಮೊದಲ ಕರಡು ಮುಗಿದ ದಿನವೇ ಅಚ್ಚಿನ ಮನೆಗೆ ಓಡಬಾರದು. ಹಸ್ತಪ್ರತಿಯನ್ನು ಒಂದೆರಡು ತಿಂಗಳು ಪೆಟ್ಟಿಗೆಯಲ್ಲಿಡಬೇಕು. ಆಮೇಲೆ ಬೇರೆಯವರು ಬರೆದದ್ದೆಂಬಂತೆ ಗಟ್ಟಿಯಾಗಿ ಓದಬೇಕು. ನಾಲಿಗೆ ತೊಡರಿದ ಕಡೆ ವಾಕ್ಯ ಕೆಟ್ಟಿದೆ ಎಂದೇ ಅರ್ಥ. ಬರೆದವರಿಗೇ ಆಕಳಿಕೆ ಬಂದ ಪುಟವನ್ನು ನಿರ್ದಯವಾಗಿ ತೆಗೆದುಹಾಕಬೇಕು. ಹೊಸಬರ ಕಾದಂಬರಿಗಳಲ್ಲಿ ಮೊದಲ ಹತ್ತು ಪುಟ ಸಾಮಾನ್ಯವಾಗಿ ಲೇಖಕರು ಗಂಟಲು ಸರಿಮಾಡಿಕೊಳ್ಳುವುದರಲ್ಲೇ ಕಳೆಯುತ್ತದೆ. ಸೂರ್ಯೋದಯ, ಹಕ್ಕಿಗಳ ಕಲರವ, ಊರಿನ ವರ್ಣನೆ ಮುಗಿದ ಮೇಲೆ ಕತೆ ಶುರುವಾಗುತ್ತದೆ. ಆ ಹತ್ತು ಪುಟಗಳನ್ನು ತೆಗೆದು ನೋಡಿದರೆ ಎಷ್ಟೋ ಸಲ ನಷ್ಟವೇನೂ ಆಗಿರುವುದಿಲ್ಲ.

ನಂತರ ಮೂವರಿಗೆ ಓದಲು ಕೊಡಬೇಕು. ಒಬ್ಬರು ಕಾದಂಬರಿಗಳನ್ನು ಓದುವ ಅಭ್ಯಾಸ ಇರುವವರು. ಇನ್ನೊಬ್ಬರು ವ್ಯಾಕರಣ ಬಲ್ಲ ಕನ್ನಡ ಮೇಷ್ಟ್ರು. ಮೂರನೆಯವರು ಕತೆಯಲ್ಲಿ ಬರುವ ಬದುಕನ್ನು ಬಲ್ಲವರು. 'ಚೆನ್ನಾಗಿದೆಯಾ?' ಎಂದು ಕೇಳಿದರೆ ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ. 'ಎಲ್ಲಿ ಬೇಸರ ಬಂತು? ಯಾವುದು ನಂಬಲಿಕ್ಕೆ ಆಗಲಿಲ್ಲ?' ಎಂದು ಕೇಳಿದರೆ ಉಪಯೋಗಕ್ಕೆ ಬರುವ ಉತ್ತರ ಸಿಗುತ್ತದೆ. ಮೂವರಲ್ಲಿ ಇಬ್ಬರು ಒಂದೇ ಜಾಗದಲ್ಲಿ ಬೆರಳಿಟ್ಟರೆ, ಆ ಜಾಗವನ್ನು ಎಷ್ಟೇ ಪ್ರೀತಿಯಿದ್ದರೂ ತಿದ್ದಲೇಬೇಕು.

ಒಂದೆರಡು ಅಧ್ಯಾಯಗಳನ್ನು ಸಣ್ಣ ಕತೆಗಳಾಗಿ ಮಾಡಿ ಪತ್ರಿಕೆಗಳಿಗೆ, ಕಥಾಸ್ಪರ್ಧೆಗಳಿಗೆ ಕಳಿಸುವುದೂ ಒಳ್ಳೆಯ ಪರೀಕ್ಷೆ. ಪರಿಚಯವೇ ಇಲ್ಲದ ಸಂಪಾದಕರು ಆರಿಸಿದರೆ ಅದು ಊರಿನ ಗೆಳೆಯರ ಹೊಗಳಿಕೆಗಿಂತ ದೊಡ್ಡದು. ಮುಂದೆ ಪುಸ್ತಕ ಬಂದಾಗ ಹೆಸರು ಕೇಳಿದ ಓದುಗರು ಒಂದಷ್ಟು ಜನ ಸಿದ್ಧರಿರುತ್ತಾರೆ.

ತಲೆಯ ಮೇಲೆ ಪುಸ್ತಕದ ಹೊರೆ

ಪ್ರಕಾಶಕರು ಒಪ್ಪಲಿಲ್ಲವೆಂದರೆ ಸ್ವಂತ ಪ್ರಕಟಣೆ. ಇದರಲ್ಲಿ ನಾಚುವಂಥದ್ದು ಏನೂ ಇಲ್ಲ. ಕನ್ನಡ ಕಾದಂಬರಿ ಬೆಳೆದದ್ದೇ ಈ ದಾರಿಯಲ್ಲಿ. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' 1899ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಾಲಕ್ಕೆ ಕನ್ನಡದಲ್ಲಿ ಕಾದಂಬರಿಯ ಪೇಟೆ ಎಂಬುದೇ ಇರಲಿಲ್ಲ. ಆ ಪೇಟೆಯನ್ನು ಕಾಲ್ನಡಿಗೆಯಲ್ಲಿ ಕಟ್ಟಿದವರು ಗಳಗನಾಥರು. ಇಂದಿನ ಹಾವೇರಿ ಜಿಲ್ಲೆಯ ಗಳಗನಾಥದ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಶಾಲಾ ಮಾಸ್ತರರು. ಐತಿಹಾಸಿಕ ಕಾದಂಬರಿಗಳನ್ನು ಬರೆದು, ಅಚ್ಚು ಹಾಕಿಸಿ, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮನೆಮನೆಗೆ ಮಾರಿದರು. ಕನ್ನಡ ಓದುವವರೇ ಇಲ್ಲ ಎನ್ನುತ್ತಿದ್ದ ಸೀಮೆಯಲ್ಲಿ ಅವರು ಓದುಗರನ್ನು ಹುಡುಕಿದ್ದು ಹೀಗೆ.

ಆಮೇಲಿನವರೂ ಹಿಂಜರಿಯಲಿಲ್ಲ. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಶುರುಮಾಡಿ, ಚಂದಾದಾರರಿಂದ ಮೊದಲೇ ಹಣ ಪಡೆದು ಪುಸ್ತಕ ತಲುಪಿಸುವ ಕ್ರಮ ಹಾಕಿದರು. ಕಾರಂತರು ಪುತ್ತೂರಿನಲ್ಲಿ ತಮ್ಮದೇ ಮುದ್ರಣಾಲಯ ನಡೆಸಿದರು. ಕುವೆಂಪು ಅವರ ಕೃತಿಗಳು ಮೈಸೂರಿನ 'ಉದಯರವಿ' ಮನೆಯ ಹೆಸರಿನ ಪ್ರಕಾಶನದಿಂದಲೇ ಬಂದವು. ಈ ಸೀಮೆಗೆ ನೆರೆಯವರಾದ, ಬಳ್ಳಾರಿ ಜಿಲ್ಲೆಯ ಸಂಡೂರಿನ ವಸುಧೇಂದ್ರರು ಸಾಫ್ಟ್‌ವೇರ್ ಕೆಲಸದಲ್ಲಿದ್ದುಕೊಂಡೇ 'ಛಂದ ಪುಸ್ತಕ' ಕಟ್ಟಿದರು. ತಮ್ಮ ಪುಸ್ತಕಗಳ ಜೊತೆಗೆ, ಹಸ್ತಪ್ರತಿ ಸ್ಪರ್ಧೆ ನಡೆಸಿ ಹೊಸ ಕತೆಗಾರರ ಮೊದಲ ಪುಸ್ತಕಗಳನ್ನೂ ತಂದರು. ಇವರೆಲ್ಲರ ಗುಟ್ಟು ಒಂದೇ: ಬರೆಯುವುದನ್ನು ಎಷ್ಟು ಶ್ರದ್ಧೆಯಿಂದ ಮಾಡಿದರೋ, ಮಾರುವುದನ್ನೂ ಅಷ್ಟೇ ಶ್ರದ್ಧೆಯಿಂದ ಮಾಡಿದರು.

ಫಾರಂ, ಕಾಗದ, ರಟ್ಟು

ಅಚ್ಚಿನ ಮನೆಯ ಲೆಕ್ಕ ನಡೆಯುವುದು ಪುಟದಲ್ಲಿ ಅಲ್ಲ, ಫಾರಮಿನಲ್ಲಿ. ಡೆಮಿ ಅಷ್ಟಪತ್ರದಲ್ಲಿ ಒಂದು ಫಾರಮಿಗೆ 16 ಪುಟ. 192 ಪುಟವಾದರೆ ಸರಿಯಾಗಿ 12 ಫಾರಂ, 208 ಆದರೆ 13. ಪುಸ್ತಕ 195 ಪುಟಕ್ಕೆ ನಿಂತರೆ ಮೂರು ಪುಟಕ್ಕಾಗಿ ಮತ್ತೊಂದು ಫಾರಮಿನ ಖರ್ಚು ಬೀಳಬಹುದು. ಮುನ್ನುಡಿಯನ್ನು ಮೊಟಕು ಮಾಡಿ 192ಕ್ಕೆ ತರುವುದು ಜಾಣತನ. ಒಳಪುಟಕ್ಕೆ 70 ಜಿ.ಎಸ್.ಎಂ. ಮ್ಯಾಪ್ಲಿಥೋ ಕಾಗದ ಸಾಕು. ತೀರ ತೆಳುವಾದ ಕಾಗದ ಹಾಕಿದರೆ ಹಿಂದಿನ ಪುಟದ ಅಕ್ಷರ ಮುಂದಕ್ಕೆ ಕಾಣುತ್ತದೆ.

ಬೆರಳಚ್ಚಿನ ವಿಚಾರದಲ್ಲಿ ಒಂದು ಎಚ್ಚರಿಕೆ ಬೇಕು. ಮೊಬೈಲಿನಲ್ಲಿ ಬರೆದದ್ದು ಯೂನಿಕೋಡಿನಲ್ಲಿರುತ್ತದೆ. ಪುಟ ಕಟ್ಟುವವರು ಅನೇಕ ಕಡೆ ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಕ್ಕೆ ಅದನ್ನು ಬದಲಾಯಿಸಿಕೊಳ್ಳುತ್ತಾರೆ. ಆಗ ಅರ್ಕಾವೊತ್ತು, ಒತ್ತಕ್ಷರ, ಉದ್ಧರಣ ಚಿಹ್ನೆಗಳು ಕೆಡುವುದುಂಟು. ಆದ್ದರಿಂದ ಪುಟ ಕಟ್ಟಿದ ಮೇಲೆ ಕಾಗದದ ಮೇಲೆ ಪ್ರತಿ ತೆಗೆಸಿ ಎರಡು ಸಲ ಕರಡು ತಿದ್ದಲೇಬೇಕು. ಒಂದು ಸಲ ಲೇಖಕರು ನೋಡಿದರೆ, ಇನ್ನೊಂದು ಸಲ ಬೇರೆಯವರೇ ನೋಡಬೇಕು. ಬರೆದವರ ಕಣ್ಣು ಇರುವುದನ್ನು ಓದುವುದಿಲ್ಲ, ಇರಬೇಕಾದದ್ದನ್ನು ಓದಿಕೊಂಡುಬಿಡುತ್ತದೆ.

ಇನ್ನು ದುಡ್ಡು. ಕಾಗದದ ದರ ಏರಿಳಿಯುವುದರಿಂದ ಮೂರು ಕಡೆ ಬರಹದಲ್ಲಿ ದರಪಟ್ಟಿ ತರಿಸಬೇಕು. ತಿಳಿಯುವುದಕ್ಕಾಗಿ ಒಂದು ಊಹೆಯ ಲೆಕ್ಕ ನೋಡೋಣ. 500 ಪ್ರತಿಗೆ ಪುಟ ವಿನ್ಯಾಸ, ಮುಖಪುಟ, ಕಾಗದ, ಅಚ್ಚು, ರಟ್ಟು ಎಲ್ಲ ಸೇರಿ 50,000 ರೂಪಾಯಿ ಆಯಿತೆನ್ನಿ. ಒಂದು ಪ್ರತಿಗೆ ಬಿದ್ದದ್ದು 100 ರೂಪಾಯಿ. ಮುಖಬೆಲೆ 200 ಇಟ್ಟರೆ 'ಒಂದಕ್ಕೆ ಎರಡು' ಎಂದು ಹಿಗ್ಗುವಂತಿಲ್ಲ. ಅಂಗಡಿಯವರಿಗೆ ನೂರಕ್ಕೆ 40ರಂತೆ ರಿಯಾಯಿತಿ ಕೊಟ್ಟರೆ ಕೈಗೆ ಬರುವುದು 120. ಹಾಕಿದ ಹಣ ಮರಳಬೇಕಾದರೆ 417 ಪ್ರತಿ ಮಾರಾಟವಾಗಬೇಕು. ಅದೇ ಪುಸ್ತಕವನ್ನು ನೂರಕ್ಕೆ 10 ರಿಯಾಯಿತಿಯಲ್ಲಿ ನೇರವಾಗಿ ಓದುಗರಿಗೆ ಕೊಟ್ಟರೆ 180 ಸಿಗುತ್ತದೆ; 278 ಪ್ರತಿಗೆ ಅಸಲು ಬಂತು. ಗಳಗನಾಥರು ಹೊರೆ ಹೊತ್ತದ್ದರ ಅರ್ಥಶಾಸ್ತ್ರ ಇದೇ. ಬಿಡುಗಡೆ ಸಮಾರಂಭ, ಶಾಲು, ಹಾರ, ಊಟ, ಗೌರವ ಪ್ರತಿಗಳ ಖರ್ಚು ಈ ಲೆಕ್ಕದ ಹೊರಗಿದೆ. ಪುಸ್ತಕಕ್ಕಿಂತ ಬಿಡುಗಡೆಗೇ ಹೆಚ್ಚು ಹಣ ಸುರಿದವರು ಕಡಿಮೆಯೇನಿಲ್ಲ.

500 ಪ್ರತಿಯ ಧೈರ್ಯವಿಲ್ಲದವರಿಗೆ ಬೇಕಾದಷ್ಟೇ ಪ್ರತಿ ಮುದ್ರಿಸುವ ಡಿಜಿಟಲ್ ವ್ಯವಸ್ಥೆ ಈಗ ಇದೆ. ಐವತ್ತೋ ನೂರೋ ಪ್ರತಿ ತೆಗೆಸಬಹುದು. ಪ್ರತಿಯೊಂದಕ್ಕೆ ಖರ್ಚು ಹೆಚ್ಚು, ಆದರೆ ಅಟ್ಟ ತುಂಬುವ ಭಯವಿಲ್ಲ. ಮೊದಲ ಪುಸ್ತಕಕ್ಕೆ ಇದು ಕೆಟ್ಟ ದಾರಿಯಲ್ಲ.

'ಪ್ಯಾಕೇಜ್' ಹೆಸರಿನಲ್ಲಿ ಹಣ ಕೇಳುವವರ ಮುಂದೆ ಮಾತ್ರ ನಿಧಾನಿಸಬೇಕು. ಎಷ್ಟು ಪ್ರತಿ ಕೈಗೆ ಬರುತ್ತವೆ, ಮಾರಾಟದ ಲೆಕ್ಕ ಯಾರು ಕೊಡುತ್ತಾರೆ, ಹಕ್ಕು ಯಾರ ಬಳಿ ಉಳಿಯುತ್ತದೆ, ಪುಟ ಕಟ್ಟಿದ ಕಡತ ಲೇಖಕರಿಗೆ ಸಿಗುತ್ತದೆಯೇ, ಈ ನಾಲ್ಕು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಕೊಡದವರಿಗೆ ಒಂದು ರೂಪಾಯಿಯನ್ನೂ ಕೊಡಬಾರದು. ಪ್ರಶಸ್ತಿ ಕೊಡಿಸುವುದೂ ಪ್ಯಾಕೇಜಿನಲ್ಲಿ ಸೇರಿದೆ ಎಂದರೆ ಅಲ್ಲಿಂದ ಎದ್ದುಬರುವುದೇ ಲೇಸು.

ಹಕ್ಕು ಮತ್ತು ಕಾಗದಪತ್ರ

'ನನ್ನ ಕತೆ ಕದ್ದರೆ?' ಎಂಬ ಚಿಂತೆ ಹೊಸಬರಿಗೆ ಹೆಚ್ಚು. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ಬರೆದ ಕ್ಷಣದಿಂದಲೇ ಹಕ್ಕು ಬರೆದವರದು. ಲೇಖಕರ ಜೀವಿತಕಾಲ ಮತ್ತು ನಂತರದ 60 ವರ್ಷ ಅದು ಇರುತ್ತದೆ. ನೋಂದಣಿ ಕಡ್ಡಾಯವಲ್ಲ; ಮಾಡಿಸಿದರೆ ವ್ಯಾಜ್ಯದಲ್ಲಿ ಪುರಾವೆಗೆ ಒದಗುತ್ತದೆ. ಹಕ್ಕನ್ನು ಬೇರೆಯವರಿಗೆ ವರ್ಗಾಯಿಸುವುದಾದರೆ ಅದು ಬರಹದಲ್ಲಿದ್ದು ಸಹಿ ಆಗಿರಬೇಕು. ಎಷ್ಟು ವರ್ಷಕ್ಕೆಂದು ಒಪ್ಪಂದದಲ್ಲಿ ಹೇಳದಿದ್ದರೆ ಕಾಯಿದೆ ಅದನ್ನು ಐದು ವರ್ಷವೆಂದೇ ಎಣಿಸುತ್ತದೆ. 'ಎಲ್ಲ ಹಕ್ಕುಗಳೂ ಶಾಶ್ವತವಾಗಿ' ಎಂಬ ಸಾಲು ಕಂಡರೆ ಸಹಿ ಹಾಕುವ ಮುನ್ನ ಬಲ್ಲವರಿಗೆ ತೋರಿಸಬೇಕು. ಸಿನಿಮಾ, ಧಾರಾವಾಹಿ, ಅನುವಾದದ ಹಕ್ಕುಗಳನ್ನು ಪ್ರತ್ಯೇಕವಾಗಿ ಉಳಿಸಿಕೊಳ್ಳುವುದು ವಿವೇಕ.

ಪುಸ್ತಕದ ಹಿಂಬದಿಯ ಐ.ಎಸ್.ಬಿ.ಎನ್. ಸಂಖ್ಯೆಗೆ ಹಣ ಕೇಳುವ ಮಧ್ಯವರ್ತಿಗಳಿದ್ದಾರೆ. ಭಾರತದಲ್ಲಿ ಅದನ್ನು ಕೊಡುವುದು ಕೇಂದ್ರ ಶಿಕ್ಷಣ ಸಚಿವಾಲಯದ ಕೆಳಗಿನ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ. ಅಂತರ್ಜಾಲದಲ್ಲಿ ಅರ್ಜಿ ಹಾಕಿದರೆ ಉಚಿತ. ಸ್ವಂತ ಪ್ರಕಟಣೆ ಮಾಡುವ ಲೇಖಕರೂ ಹಾಕಬಹುದು. 1954ರ ಕಾಯಿದೆಯಂತೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಗೊತ್ತುಪಡಿಸಿದ ಇತರ ಗ್ರಂಥಾಲಯಗಳಿಗೂ ಪ್ರಕಾಶಕರು ಪ್ರತಿ ಕಳಿಸಬೇಕು. ಬೆಂಗಳೂರಿನ ರಾಜ್ಯ ಕೇಂದ್ರ ಗ್ರಂಥಾಲಯಕ್ಕೂ ಸಲ್ಲಿಸಬೇಕು. ಇದು ದಂಡವೆಂದು ಭಾವಿಸಬಾರದು. ಮನೆಯ ಪ್ರತಿಗಳನ್ನು ಗೆದ್ದಲು ತಿಂದ ಮೇಲೂ ಪುಸ್ತಕ ಉಳಿಯುವ ಜಾಗಗಳು ಅವು.

ಊರಿನ ಕತೆ ಬರೆಯುವವರಿಗೆ ಇನ್ನೊಂದು ಮಾತು. ಹೆಸರು ಬದಲಾಯಿಸಿದರೆ ಸಾಲದು. ಮೂರನೇ ಓಣಿಯ ಗಿರಣಿ ಮಾಲೀಕನ ವೇಷ, ವ್ಯಾಧಿ, ಮನೆಯ ವಿಷಯಗಳನ್ನೆಲ್ಲ ಹಾಗೆಯೇ ಇಳಿಸಿದರೆ ಊರಿಗೇ ಗುರುತು ಸಿಗುತ್ತದೆ. ಮಾನನಷ್ಟದ ಮೊಕದ್ದಮೆ ಒಂದು ಕಡೆ. ಬದುಕಿರುವ ಹೆಣ್ಣುಮಕ್ಕಳ ಗುಟ್ಟುಗಳು ಬೀದಿಗೆ ಬರುವ ಅನ್ಯಾಯ ಇನ್ನೊಂದು ಕಡೆ. ನಾಲ್ವರನ್ನು ಬೆರೆಸಿ ಐದನೆಯವನನ್ನು ಮಾಡುವುದೇ ಕಾದಂಬರಿಕಾರರ ಕೆಲಸ.

ಓದುಗರು ಎಲ್ಲಿದ್ದಾರೆ?

ಪುಸ್ತಕ ಮನೆಗೆ ಬಂದ ದಿನ ಅರ್ಧ ಕೆಲಸವಷ್ಟೇ ಮುಗಿದಿರುತ್ತದೆ. ಅಚ್ಚಿಗೆ ಕೊಡುವ ಮೊದಲೇ ನೂರು ಜನರ ಪಟ್ಟಿ ಮಾಡಿ, ಮನೋಹರ ಗ್ರಂಥಮಾಲೆಯ ಮಾದರಿಯಲ್ಲಿ ಮುಂಗಡ ಹಣ ಪಡೆದರೆ ಕಾಗದದ ಖರ್ಚಿನ ಒಂದು ಭಾಗ ಹೊರಡುತ್ತದೆ. ಹಳೆಯ ಸಹಪಾಠಿಗಳು, ಸಹೋದ್ಯೋಗಿಗಳು, ಬೆಂಗಳೂರು-ಪುಣೆಗಳಿಗೆ ದುಡಿಯಲು ಹೋದ ಊರಿನವರು, ಎಲ್ಲರೂ ಈ ಪಟ್ಟಿಗೆ ಬರಬೇಕು. ಊರು ಬಿಟ್ಟವರಿಗೆ ಊರಿನ ಕತೆಯ ಮೇಲೆ ಹಂಬಲ ಹೆಚ್ಚು.

ತಾಲ್ಲೂಕು, ಜಿಲ್ಲಾ ಸಾಹಿತ್ಯ ಸಮ್ಮೇಳನಗಳ ಪುಸ್ತಕ ಮಳಿಗೆ, ಜಾತ್ರೆ, ಕಾಲೇಜಿನ ಕನ್ನಡ ಸಂಘ, ಇವು ಈ ಸೀಮೆಯ ನಿಜವಾದ ಪುಸ್ತಕದ ಅಂಗಡಿಗಳು. ಸರ್ಕಾರದ ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಅರ್ಜಿ ಕರೆದಾಗ ಹಾಕಬೇಕು. ಆದರೆ ಆಯ್ಕೆಯಾಗಿ ಹಣ ಕೈಗೆ ಬರುವ ತನಕ ಅದನ್ನು ನಂಬಿ ಸಾಲ ಮಾಡಬಾರದು. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವ ಯೋಜನೆ ನಡೆಸಿದೆ. ಅದಕ್ಕೆ ಹಸ್ತಪ್ರತಿಯ ಹಂತದಲ್ಲೇ ಅರ್ಜಿ ಹಾಕಬೇಕಾಗುವುದರಿಂದ ಪ್ರಕಟಣೆಯ ಮೇಲೆ ಮೊದಲೇ ಕಣ್ಣಿಟ್ಟಿರಬೇಕು. ಅಂಚೆ ಇಲಾಖೆ 2025ರ ಮೇ ತಿಂಗಳಿಂದ ಪುಸ್ತಕಗಳಿಗಾಗಿ 'ಜ್ಞಾನ ಪೋಸ್ಟ್' ಎಂಬ ಅಗ್ಗದ ಸೇವೆ ತಂದಿದೆ; ತಮ್ಮ ಪುಸ್ತಕ ಅದರಲ್ಲಿ ಹೋಗುತ್ತದೆಯೇ ಎಂದು ಅಂಚೆ ಕಚೇರಿಯಲ್ಲಿ ಕೇಳಿಕೊಳ್ಳಬೇಕು. ಕಾಗದವೇ ಬೇಡವೆನ್ನುವವರಿಗೆ ಪ್ರತಿಲಿಪಿಯಂಥ ಜಾಲತಾಣಗಳಿವೆ, ಮೈಲ್ಯಾಂಗ್‌ನಂಥ ಇ-ಪುಸ್ತಕದ ವೇದಿಕೆಗಳಿವೆ. ವಿಮರ್ಶೆಗೆ ಪತ್ರಿಕೆಗಳಿಗೆ ಪ್ರತಿ ಕಳಿಸಬೇಕು. ಬಾರದಿದ್ದರೆ ಬೇಸರಿಸದೆ, ಊರಿನ ನಾಲ್ವರು ಓದುಗರನ್ನು ಕೂರಿಸಿ ಚರ್ಚೆ ನಡೆಸಬೇಕು.

ಇಷ್ಟೆಲ್ಲ ಮಾಡಿದರೂ ಮೊದಲ ಕಾದಂಬರಿಯಿಂದ ಮನೆ ನಡೆಯುವುದಿಲ್ಲ. ಅಸಲು ಮರಳಿ ಎರಡನೆಯ ಪುಸ್ತಕದ ಕಾಗದಕ್ಕೆ ದುಡ್ಡು ಉಳಿದರೆ ಅದು ಗೆಲುವೇ. ಹೀಗಿರುವಾಗ ಏಕೆ ಬರೆಯಬೇಕು?

ಉತ್ತರ ಗೊರೇಬಾಳದ ಕಟ್ಟೆಗಳ ಮೇಲೆ ಕುಳಿತಿದೆ. ಕಾಲುವೆಯಲ್ಲಿ ಮೊದಲ ನೀರು ಬಂದದ್ದನ್ನು ಹತ್ತು ವರ್ಷದ ಹುಡುಗರಾಗಿ ಕಂಡವರಿಗೆ ಈಗ ಎಂಬತ್ತು ದಾಟಿದೆ. ಎರೆಹೊಲದಲ್ಲಿ ಜೋಳ ಹೇಗೆ ನಿಂತಿತ್ತು, ಮೊದಲ ಸಲ ಭತ್ತ ನಾಟಿ ಮಾಡಿದಾಗ ಊರಿನವರು ಏನೆಂದು ನಕ್ಕರು, ಕ್ಯಾಂಪಿನವರು ಬಂಡಿಯಲ್ಲಿ ಏನೇನು ಹೇರಿಕೊಂಡು ಬಂದರು ಎಂಬುದು ಅವರಿಗೆ ಗೊತ್ತು. ಅದು ಯಾವ ಇಲಾಖೆಯ ಕಡತದಲ್ಲೂ ಸಿಗುವುದಿಲ್ಲ. ಬರೆಯಬೇಕೆಂದಿರುವವರು ಪ್ರಕಾಶಕರನ್ನು ಆಮೇಲೆ ಹುಡುಕಬಹುದು, ಫಾರಮಿನ ಲೆಕ್ಕ ಆಮೇಲೆ ಹಾಕಬಹುದು. ಈ ಸಂಜೆ ಮಾಡಬೇಕಾದದ್ದು, ಒಂದು ನೋಟ್‌ಬುಕ್ ಹಿಡಿದು ಆ ಮುದುಕರ ಪಕ್ಕದಲ್ಲಿ ಹೋಗಿ ಕೂರುವುದು.